ಪ್ರಸಂಗಗಳ ಪೆಟ್ಟಿಗೆ ಕೊನೆಗಿರಲಿ

ಸಭಾಪಾಲಕರೊಬ್ಬರ, ಅಂದರೆ ಚರ್ಚಿನ ಪಾದ್ರಿಯೊಬ್ಬರ, ಖಾಸಗಿ ಕಾಗದಪತ್ರಗಳನ್ನು ಓದಲು ಬರುವವರು ಮೊದಲು ಕೇಳುವುದು ಪ್ರಸಂಗಗಳನ್ನು, ಎಂದರೆ ಧರ್ಮೋಪದೇಶಗಳನ್ನು. ಪತ್ರಾಗಾರದ ಕೆಲಸದವನಾಗಿ ನಾನು ಅದನ್ನು ಕೊನೆಗಿಡಿ ಎನ್ನುತ್ತೇನೆ. ಪ್ರಸಂಗವನ್ನು ಬರೆಯುವುದೇ ಸಭೆಯ ಮುಂದೆ ನಿಂತು ಹೇಳಲು; ಬರೆದವರು ಸಿಗುವುದು ಹೆಚ್ಚಾಗಿ ಬೇರೆ ಕಡತಗಳಲ್ಲಿ.

ಅಮೆರಿಕದ ವಾಷಿಂಗ್ಟನ್ನಿನಲ್ಲಿ ಸಭಾಪಾಲಕರಾಗಿದ್ದ ಫ್ರಾನ್ಸಿಸ್ ಜೇಮ್ಸ್ ಗ್ರಿಮ್ಕೆಯವರನ್ನೇ ನೋಡಿ. ಹುಟ್ಟಿದ್ದು 1850ರಲ್ಲಿ, ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಳಿ. ತಂದೆ ಹೆನ್ರಿ ಗ್ರಿಮ್ಕೆ ಬಿಳಿಯ ಜಮೀನುದಾರ, ತಾಯಿ ನ್ಯಾನ್ಸಿ ವೆಸ್ಟನ್ ಅವನ ಗುಲಾಮಳು. ಕಾನೂನಿನ ಕಣ್ಣಿನಲ್ಲಿ ಮಗುವೂ ಆಸ್ತಿಯೇ. 1852ರಲ್ಲಿ ಹೆನ್ರಿ ತೀರಿಕೊಂಡಾಗ ತಾಯಿ ಮಕ್ಕಳು ಉಯಿಲಿನ ಮೂಲಕ ಅವನ ಬಿಳಿಯ ಮಗ ಮಾಂಟೇಗ್‌ಗೆ ಸೇರಿದರು. ಮನೆಯವರಂತೆ ನೋಡಿಕೊ ಎಂದು ತಂದೆ ಹೇಳಿಹೋಗಿದ್ದ. ಕೆಲವೇ ವರ್ಷಗಳಲ್ಲಿ ಮಾಂಟೇಗ್ ತಮ್ಮಂದಿರನ್ನು ಮನೆಯಾಳುಗಳನ್ನಾಗಿ ಮಾಡಿಕೊಂಡ. ಫ್ರಾನ್ಸಿಸ್ ಓಡಿಹೋಗಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ದಕ್ಷಿಣದ ಸೇನಾಧಿಕಾರಿಯೊಬ್ಬನ ಪರಿಚಾರಕನಾದರು. ಇಂಥವರ ಬಾಲ್ಯವನ್ನು ದಾಖಲೆಗಳಲ್ಲಿ ಹುಡುಕುವವರು ಶಾಲೆಯ ದಾಖಲಾತಿಗಿಂತ ಮೊದಲು ಒಡೆಯರ ಉಯಿಲನ್ನು ತೆರೆಯಬೇಕಾಗುತ್ತದೆ.

ಮುಂದಿನ ತಿರುವು ಒಂದು ಕಾಗದದ್ದು. ಹೆನ್ರಿಯ ತಂಗಿ ಆಂಜಲೀನಾ ಗುಲಾಮಗಿರಿಯ ವಿರುದ್ಧ ಹೋರಾಡಿ ಹೆಸರಾದವರು. 1868ರಲ್ಲಿ, ಲಿಂಕನ್ ವಿಶ್ವವಿದ್ಯಾಲಯದಲ್ಲಿ ಗ್ರಿಮ್ಕೆ ಎಂಬ ಕಪ್ಪು ವಿದ್ಯಾರ್ಥಿ ಇದ್ದಾನೆಂದು ಪತ್ರಿಕೆಯಲ್ಲಿ ಓದಿ ಅವರು ಆ ವಿದ್ಯಾರ್ಥಿಗೆ, ಅಂದರೆ ಫ್ರಾನ್ಸಿಸರ ಅಣ್ಣ ಆರ್ಚಿಬಾಲ್ಡ್‌ಗೆ, ಬರೆದರು. ಉತ್ತರ ಬಂದಾಗ ಆರ್ಚಿಬಾಲ್ಡ್, ಫ್ರಾನ್ಸಿಸ್ ಇಬ್ಬರೂ ತಮ್ಮ ಅಣ್ಣನ ಮಕ್ಕಳೆಂದು ಆಂಜಲೀನಾಗೆ ತಿಳಿಯಿತು. ಅವರು ಮುಖ ತಿರುಗಿಸಲಿಲ್ಲ. ಸೋದರಳಿಯರೆಂದು ಒಪ್ಪಿಕೊಂಡು ಓದಿಗೆ ನೆರವಾದರು.

ಪ್ರಿನ್ಸ್‌ಟನ್ನಿನಲ್ಲಿ ದೇವಶಾಸ್ತ್ರ ಓದಿ ಮುಗಿಸಿದ ಫ್ರಾನ್ಸಿಸ್ 1878ರಲ್ಲಿ ವಾಷಿಂಗ್ಟನ್ನಿನ ಹದಿನೈದನೇ ಬೀದಿಯ ಪ್ರೆಸ್ಬಿಟೇರಿಯನ್ (ಪ್ರಾಟೆಸ್ಟೆಂಟ್ ಪಂಥಗಳಲ್ಲೊಂದು) ಸಭೆಗೆ, ಅಂದರೆ ಚರ್ಚಿಗೆ, ಬಂದರು. ನಡುವೆ ನಾಲ್ಕು ವರ್ಷ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿದ್ದದ್ದು ಬಿಟ್ಟರೆ ಅವರ ಸೇವೆಯೆಲ್ಲ ಅಲ್ಲಿಯೇ. ಇಲ್ಲಿ ಹೊಸಬರು ಎಡವುವ ವಿಷಯವೊಂದಿದೆ. ಸಭೆಯನ್ನು ನಡೆಸುವ ಹಿರಿಯರ ಮಂಡಳಿಯ ನಡಾವಳಿ, ದೀಕ್ಷಾಸ್ನಾನದ ದಾಖಲೆ ಇವೆಲ್ಲ ಸಭೆಯ ಸ್ವತ್ತು, ಪಾಲಕರದ್ದಲ್ಲ. ಪಾಲಕರ ಸದಸ್ಯತ್ವವಾದರೋ ತಮ್ಮ ಸಭೆಯಲ್ಲಿ ಇರುವುದೇ ಇಲ್ಲ. ಅದು ಆ ಪ್ರದೇಶದ ಸಭೆಗಳೆಲ್ಲ ಸೇರಿದ ಪ್ರೆಸ್ಬಿಟರಿಯಲ್ಲಿ. ಹಾಗಾಗಿ ಪಾಲಕರ ನೇಮಕ, ವರ್ಗಾವಣೆ, ಜಗಳಗಳನ್ನು ಮನೆಯ ಪೆಟ್ಟಿಗೆಯಲ್ಲಿ ಹುಡುಕಿ ಪ್ರಯೋಜನವಿಲ್ಲ.

1884ರ ಜನವರಿಯಲ್ಲಿ ಕಪ್ಪು ಜನರ ಹೆಸರಾಂತ ನಾಯಕ ಫ್ರೆಡರಿಕ್ ಡಗ್ಲಸ್ ಬಿಳಿಯ ಮಹಿಳೆ ಹೆಲೆನ್ ಪಿಟ್ಸ್ ಅವರನ್ನು ಮದುವೆಯಾದದ್ದು ಗ್ರಿಮ್ಕೆಯವರ ಮನೆಯಲ್ಲಿ, ಮದುವೆ ಮಾಡಿಸಿದವರೂ ಅವರೇ. ದೇಶವೆಲ್ಲ ಗದ್ದಲವಾಯಿತು. ಗ್ರಿಮ್ಕೆ ಅದರ ಬಗ್ಗೆ ಪ್ರಕಟಿಸಿದ ನೆನಪು 1934ರದ್ದು. ಅರ್ಧ ಶತಮಾನ ದಾಟಿದ ನೆನಪನ್ನು ಆ ಕಾಲದ ಪತ್ರಿಕೆಗಳ ಪಕ್ಕದಲ್ಲಿಟ್ಟೇ ಓದಬೇಕು, ಬರೆದವರು ಎಷ್ಟೇ ಪ್ರಾಮಾಣಿಕರಾಗಿರಲಿ.

ಪ್ರಸಂಗಗಳನ್ನು ಅವರು ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿ ಹಂಚುತ್ತಿದ್ದರು. ಅವರು 1937ರಲ್ಲಿ ತೀರಿಕೊಂಡ ಮೇಲೆ ಇತಿಹಾಸಕಾರ ಕಾರ್ಟರ್ ವುಡ್ಸನ್ ಅವರ ಬರಹಗಳನ್ನು ನಾಲ್ಕು ಸಂಪುಟಗಳಲ್ಲಿ, 1942ರಲ್ಲಿ, ತಂದರು. ನನಗೆ ಇಷ್ಟವಾದವು ಬಿಡಿ ಆಲೋಚನೆಗಳ ಮೂರನೆಯದು ಮತ್ತು ಪತ್ರಗಳ ನಾಲ್ಕನೆಯದು.

ಇನ್ನು ಗ್ರಿಮ್ಕೆಯವರ ಹೆಂಡತಿಯ ದಿನಚರಿ. ಷಾರ್ಲೆಟ್ ಫೋರ್ಟೆನ್ ಮದುವೆಗೆ ಮುಂಚೆಯೇ ಲೇಖಕಿ. ದಿನಚರಿ ಶುರುವಾಗುವುದು 1854ರಲ್ಲಿ. 1864ರಲ್ಲಿ ನಿಂತು 1885ರಲ್ಲಿ ಮತ್ತೆ ತೆರೆಯುತ್ತದೆ. ಮದುವೆ ಆ ಬಿಡುವಿನೊಳಗಿದೆ. 1880ರ ಹೊಸವರ್ಷದ ದಿನ ಹುಟ್ಟಿ ಕೆಲವೇ ತಿಂಗಳಲ್ಲಿ ತೀರಿಕೊಂಡ ಒಬ್ಬಳೇ ಮಗಳು ಥಿಯೊಡೋರಾ ಕೂಡ ಅಲ್ಲಿಯೇ. ಆ ಮಗುವಿನ ನೆನಪು ಬರುವುದು ಮತ್ತೆ ಬರೆಯಲು ಕುಳಿತ ಮೇಲೆ. ಈ ದಿನಚರಿಗಳನ್ನು ಜೋಪಾನ ಮಾಡಿದವರು ಗೆಳತಿ ಆನಾ ಜೂಲಿಯಾ ಕೂಪರ್. ಈಗ ಅವು ಹೋವರ್ಡ್ ವಿಶ್ವವಿದ್ಯಾಲಯದ ಮೂರ್‌ಲ್ಯಾಂಡ್-ಸ್ಪಿಂಗಾರ್ನ್ ಸಂಶೋಧನಾ ಕೇಂದ್ರದಲ್ಲಿವೆ. ಗಂಡನ ಕಾಗದಪತ್ರಗಳೂ ಅಲ್ಲೇ ಇವೆ. ಕೇಳುವಾಗ ಎರಡನ್ನೂ ಒಟ್ಟಿಗೆ ಕೇಳಿ.