ರೂಪಾಂತರ: ಡೊರೊತಿಯ ಕಥೆ ಪುಟದಿಂದ ತೆರೆಗೆ ಬಂದ ಬಗೆ

ಒಂದು ಮಾಧ್ಯಮಕ್ಕೆಂದು ಹುಟ್ಟಿದ ಕೃತಿಯನ್ನು ಇನ್ನೊಂದು ಮಾಧ್ಯಮದಲ್ಲಿ ಹೊಸದಾಗಿ ಕಟ್ಟುವುದಕ್ಕೆ ರೂಪಾಂತರ ಎನ್ನುತ್ತೇವೆ. ಕಾದಂಬರಿ ನಾಟಕವಾಗುವುದು, ನಾಟಕ ಸಿನಿಮಾ ಆಗುವುದು, ಸಣ್ಣಕಥೆ ಧಾರಾವಾಹಿಯಾಗುವುದು ಎಲ್ಲವೂ ಇದರ ವ್ಯಾಪ್ತಿಗೇ ಬರುತ್ತವೆ. ಪುಸ್ತಕ ಓದಿದವರು ಸಿನಿಮಾ ನೋಡಿ ಹೊರಬಂದ ಕೂಡಲೇ ಏನೇನು ಬಿಟ್ಟಿದ್ದಾರೆ, ಏನೇನು ಬದಲಿಸಿದ್ದಾರೆ ಎಂದು ಪಟ್ಟಿ ಮಾಡತೊಡಗುತ್ತಾರೆ. ಆ ಪಟ್ಟಿ ಸರಿಯಾಗಿಯೇ ಇರುತ್ತದೆ, ಆದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಕಥೆಯಲ್ಲಿ ಬದಲಾವಣೆಗಳು ಒಂಟಿಯಾಗಿ ಬರುವುದು ಅಪರೂಪ. ಕಥೆ ನಡೆಯುವುದಕ್ಕೆ ಇರುವ ಕಾರಣವನ್ನು ಒಂದು ಕಡೆ ಅಲುಗಾಡಿಸಿದರೆ ಉಳಿದ ಹತ್ತು ಕಡೆ ತಾನಾಗಿಯೇ ಅಲುಗುತ್ತದೆ. ಆ ಮೊದಲ ಅಲುಗಾಟ ಯಾವುದು ಎಂದು ಹುಡುಕಿದರೆ ಮಾತ್ರ ರೂಪಾಂತರ ಎಂಬ ಕೆಲಸ ಏನೆಂದು ಅರ್ಥವಾಗುತ್ತದೆ ಎಂಬುದು ನನ್ನ ಬಲವಾದ ನಂಬಿಕೆ.

ಇದಕ್ಕೆ ಅಮೆರಿಕದ ಲೇಖಕ ಎಲ್. ಫ್ರಾಂಕ್ ಬಾಮ್ ಬರೆದ 'ದ ವಂಡರ್‌ಫುಲ್ ವಿಜರ್ಡ್ ಆಫ್ ಓಜ್'ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪುಸ್ತಕ ಬಂದದ್ದು 1900ರಲ್ಲಿ, ಡಬ್ಲ್ಯು. ಡಬ್ಲ್ಯು. ಡೆನ್ಸ್ಲೋ ಬಿಡಿಸಿದ ಚಿತ್ರಗಳೊಂದಿಗೆ. ಎಂಜಿಎಂ ಸ್ಟುಡಿಯೋದ ಸಿನಿಮಾ ಬಂದದ್ದು 1939ರಲ್ಲಿ. ಬಾಮ್ 1919ರಲ್ಲೇ ತೀರಿಕೊಂಡಿದ್ದರಿಂದ ಅವರು ಅದನ್ನು ನೋಡಲಿಲ್ಲ. ಎರಡರ ಹೊರಮೈ ಒಂದೇ. ಕ್ಯಾನ್ಸಸ್‌ನ ಹುಡುಗಿ ಡೊರೊತಿಯನ್ನು ಅವಳ ನಾಯಿ ಟೋಟೋ ಸಮೇತ ಸುಂಟರಗಾಳಿ ಹೊತ್ತೊಯ್ದು ಓಜ್ ಎಂಬ ನಾಡಿನಲ್ಲಿ ಇಳಿಸುತ್ತದೆ. ಮಿದುಳು ಬೇಕೆನ್ನುವ ಬೆರ್ಚಪ್ಪ, ಹೃದಯ ಬೇಕೆನ್ನುವ ತಗಡಿನ ಮನುಷ್ಯ, ಧೈರ್ಯ ಬೇಕೆನ್ನುವ ಪುಕ್ಕಲು ಸಿಂಹ ಅವಳ ಜೊತೆಯಾಗುತ್ತಾರೆ. ಊರಿಗೆ ಮರಳುವ ದಾರಿ ಕೇಳಲು ಎಲ್ಲರೂ ಮಾಂತ್ರಿಕನಿರುವ ಪಚ್ಚೆ ನಗರಕ್ಕೆ ನಡೆಯುತ್ತಾರೆ.

ಈಗ ಕಾರಣದ ಕಡೆ ನೋಡೋಣ. ಪುಸ್ತಕದ ಡೊರೊತಿಗೆ ಮನೆ ಬಿಟ್ಟು ಹೋಗುವ ಆಸೆ ಎಲ್ಲೂ ಇಲ್ಲ. ಸುಂಟರಗಾಳಿ ಬಂತು, ಹೆದರಿದ ಟೋಟೋ ಮಂಚದ ಕೆಳಗೆ ಅಡಗಿತು, ಅದನ್ನು ಎತ್ತಿಕೊಳ್ಳಲು ಹೋದವಳು ನೆಲಮಾಳಿಗೆಗೆ ಇಳಿಯುವುದು ತಡವಾಯಿತು, ಮನೆ ಹಾರಿತು. ಅಷ್ಟೇ. ಸಿನಿಮಾದ ಡೊರೊತಿಯ ಕಥೆ ಬೇರೆ. ಊರಿನ ಸಿಡುಕಿನ ಹೆಂಗಸು ಮಿಸ್ ಗಲ್ಚ್ ಟೋಟೋನನ್ನು ಕಿತ್ತುಕೊಂಡು ಹೋಗಲು ಬರುತ್ತಾಳೆ. ದೊಡ್ಡವರು ಯಾರೂ ಹುಡುಗಿಯ ಮಾತಿಗೆ ಕಿವಿಗೊಡುವುದಿಲ್ಲ. ಕಾಮನಬಿಲ್ಲಿನ ಆಚೆಗೆ ಎಲ್ಲೋ ಒಂದು ನಾಡಿರಬೇಕು ಎಂದು ಅವಳು ಹಾಡುತ್ತಾಳೆ, ಕೊನೆಗೆ ಮನೆ ಬಿಟ್ಟು ಓಡಿಯೇ ಹೋಗುತ್ತಾಳೆ. ಮನಸ್ಸು ಬದಲಿಸಿ ಮರಳಿದಾಗ ಸುಂಟರಗಾಳಿ ಎದ್ದಿರುತ್ತದೆ, ಕಿಟಕಿ ಕಿತ್ತುಬಂದು ತಲೆಗೆ ಬಡಿಯುತ್ತದೆ, ಅವಳು ಪ್ರಜ್ಞೆ ತಪ್ಪುತ್ತಾಳೆ. ಮುಂದಿನದೆಲ್ಲ ಕನಸು.

ಪುಸ್ತಕದಲ್ಲಿ ಇಲ್ಲದ ಒಂದು ಆಸೆಯನ್ನು ಸಿನಿಮಾ ಅವಳಿಗೆ ಕೊಟ್ಟಿತು. ಉಳಿದ ದೊಡ್ಡ ಬದಲಾವಣೆಗಳಲ್ಲಿ ಬಹುಪಾಲು ಹುಟ್ಟಿದ್ದು ಇದರಿಂದಲೇ. ಆ ಆಸೆಗೆ ದನಿ ಬೇಕು, ಅದಕ್ಕೇ ಹೆರಾಲ್ಡ್ ಆರ್ಲೆನ್ ಸಂಗೀತದ, ಯಿಪ್ ಹಾರ್ಬರ್ಗ್ ಸಾಹಿತ್ಯದ 'ಓವರ್ ದ ರೇನ್‌ಬೋ' ಹಾಡು. ಅಂಥ ತುಡಿತ ಪುಟ್ಟ ಮಗುವಿಗಿಂತ ಹರೆಯದ ಹುಡುಗಿಗೆ ಹೆಚ್ಚು ಒಪ್ಪುತ್ತದೆ. ಚಿತ್ರೀಕರಣದ ವೇಳೆ ಡೊರೊತಿಯ ಪಾತ್ರ ಮಾಡಿದ ಜೂಡಿ ಗಾರ್ಲೆಂಡ್‌ಗೆ 16 ವರ್ಷ, ಡೆನ್ಸ್ಲೋ ಬಿಡಿಸಿದ ಡೊರೊತಿಯಾದರೋ ಇನ್ನೂ ಚಿಕ್ಕ ಮಗು. ಆಸೆ ಕನಸಾಗಬೇಕಾದರೆ ಕನಸಿನ ಸಾಮಗ್ರಿ ಎಚ್ಚರದ ಬದುಕಿನಿಂದ ಬರಬೇಕು. ಆದ್ದರಿಂದ ಪುಸ್ತಕದಲ್ಲಿ ಸುಳಿವೇ ಇಲ್ಲದ ಮೂವರು ಹೊಲದಾಳುಗಳು ಸಿನಿಮಾದ ಕ್ಯಾನ್ಸಸ್‌ನಲ್ಲಿದ್ದಾರೆ, ಅದೇ ನಟರು ಓಜ್‌ನಲ್ಲಿ ಬೆರ್ಚಪ್ಪ, ತಗಡಿನ ಮನುಷ್ಯ, ಸಿಂಹ ಆಗುತ್ತಾರೆ. ಮಿಸ್ ಗಲ್ಚ್ ಡೊರೊತಿಯನ್ನು ಕಾಡುವ ಪಶ್ಚಿಮದ ದುಷ್ಟ ಮಾಟಗಾತಿಯಾಗುತ್ತಾಳೆ, ಎರಡೂ ಪಾತ್ರ ಮಾರ್ಗರೆಟ್ ಹ್ಯಾಮಿಲ್ಟನ್ ಅವರದು. ಪುಸ್ತಕದಲ್ಲಿ ಪಶ್ಚಿಮದ ಮಾಟಗಾತಿ ಎದುರಾಗುವುದು 12ನೇ ಅಧ್ಯಾಯದಲ್ಲಿ, ಮಡಿಯುವುದೂ ಅಲ್ಲೇ. ಸಿನಿಮಾದಲ್ಲಿ ಅವಳ ನೆರಳು ಮೊದಲಿನಿಂದಲೂ ಬೆನ್ನು ಬಿಡುವುದಿಲ್ಲ.

ಕನಸು ಎಂದ ಮೇಲೆ ಅದರಿಂದ ಎಚ್ಚರವಾಗಬೇಕು, ಎಚ್ಚರವಾದವಳು ಏನನ್ನಾದರೂ ಕಲಿತಿರಬೇಕು. ಮನೆಗಿಂತ ಮಿಗಿಲಾದ ಜಾಗವಿಲ್ಲ ಎಂಬ ಮಾತು ಸಿನಿಮಾದ ಕೊನೆಗೆ ಪಾಠವಾಗಿ ನಿಲ್ಲುವುದು ಹೀಗೆ. ಈ ಮಾತು ಪುಸ್ತಕದಲ್ಲೂ ಇದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಅಲ್ಲಿ ಅದು ಪಯಣದ ಆರಂಭದಲ್ಲೇ ಬರುತ್ತದೆ. ಇಷ್ಟು ಚೆಂದದ ನಾಡು ಬಿಟ್ಟು ಆ ಬೂದುಬಣ್ಣದ ಕ್ಯಾನ್ಸಸ್‌ಗೆ ಏಕೆ ಹೋಗಬೇಕು ಎಂದು ಬೆರ್ಚಪ್ಪ ಕೇಳುತ್ತಾನೆ. ನಿನಗೆ ಮಿದುಳಿಲ್ಲವಲ್ಲ, ಅದಕ್ಕೇ ತಿಳಿಯುವುದಿಲ್ಲ, ರಕ್ತಮಾಂಸದ ಜನರಿಗೆ ಮನೆ ಎಷ್ಟೇ ಕಳೆಗೆಟ್ಟಿದ್ದರೂ ಮನೆಯೇ ಮೇಲು ಎಂದು ಅವಳು ಹೇಳುತ್ತಾಳೆ. ನಿಮ್ಮ ತಲೆಯಲ್ಲೂ ಹುಲ್ಲು ತುಂಬಿದ್ದರೆ ಎಲ್ಲರೂ ಸುಂದರವಾದ ಊರುಗಳಲ್ಲೇ ಇರುತ್ತಿದ್ದಿರಿ, ಕ್ಯಾನ್ಸಸ್ ಖಾಲಿಯಾಗುತ್ತಿತ್ತು, ನಿಮಗೆ ಮಿದುಳಿರುವುದು ಕ್ಯಾನ್ಸಸ್‌ನ ಪುಣ್ಯ ಎಂಬುದು ಅವನ ಉತ್ತರ. ಅದೇ ಮಾತು ಬಾಮ್‌ರ ಕೈಯಲ್ಲಿ ನಗು ತರಿಸುತ್ತದೆ, ಯೋಚನೆಗೂ ಹಚ್ಚುತ್ತದೆ. ಸಿನಿಮಾದಲ್ಲಿ ಅದಕ್ಕೆ ಎದುರುತ್ತರ ಕೊಡುವವರು ಯಾರೂ ಇಲ್ಲ. ಒಂದೇ ಮಾತನ್ನು ಶುರುವಿನಿಂದ ತೆಗೆದು ಕೊನೆಗೆ ಇಟ್ಟರೆ ಅದರ ತೂಕವೇ ಬೇರೆಯಾಗುತ್ತದೆ. ರೂಪಾಂತರವನ್ನು ಹೋಲಿಸುವಾಗ 'ಈ ಸಂಭಾಷಣೆ ಇದೆಯೇ' ಎಂದಷ್ಟೇ ನೋಡಿದರೆ ಸಾಲದು, 'ಎಲ್ಲಿದೆ, ಅದನ್ನು ಕೇಳಿಸಿಕೊಳ್ಳುವವರು ಯಾರು' ಎಂದೂ ನೋಡಬೇಕು ಎನ್ನುವುದು ಇದಕ್ಕೇ.

ಬಾಮ್‌ರ ಓಜ್ ಕನಸಲ್ಲ, ನಿಜವಾದ ನಾಡು. ಪುಸ್ತಕದ ಕೊನೆಯಲ್ಲಿ ಡೊರೊತಿ ಮರಳಿದಾಗ ಕಾಣುವುದು ಹೊಸ ಮನೆ. ಹಳೆಯದನ್ನು ಗಾಳಿ ಒಯ್ದಿದ್ದರಿಂದ ಅವಳನ್ನು ಸಾಕುತ್ತಿರುವ ಹೆನ್ರಿ ಮಾವ ಇನ್ನೊಂದು ಕಟ್ಟಿಸಿದ್ದಾರೆ. ಇದು ಇಲ್ಲಿಗೇ ಮುಗಿಯುವುದಿಲ್ಲ. 1910ರಲ್ಲಿ ಬಂದ ಆರನೆಯ ಓಜ್ ಪುಸ್ತಕದಲ್ಲಿ ಆ ಮನೆಗಾಗಿ ಜಮೀನು ಅಡವಿಟ್ಟು ಮಾಡಿದ ಸಾಲ ತೀರಿಸಲಾಗದೆ ಹೆನ್ರಿ ಮಾವ ಎಲ್ಲವನ್ನೂ ಕಳೆದುಕೊಳ್ಳುವ ಸ್ಥಿತಿಗೆ ಬರುತ್ತಾರೆ. ಆಗ ಡೊರೊತಿ ಅವರನ್ನೂ ಅವರ ಹೆಂಡತಿ ಎಮ್ ಅತ್ತೆಯನ್ನೂ ಕರೆದುಕೊಂಡು ಓಜ್‌ನಲ್ಲೇ ಶಾಶ್ವತವಾಗಿ ನೆಲೆಸುತ್ತಾಳೆ. ಪುಸ್ತಕಗಳ ಡೊರೊತಿ ಕೊನೆಗೆ ಕ್ಯಾನ್ಸಸ್ ಬಿಟ್ಟವಳು, ಸಿನಿಮಾದ ಡೊರೊತಿ ಇನ್ನೆಂದೂ ಬಿಡುವುದಿಲ್ಲ ಎಂದವಳು. ನನ್ನ ಮನಸ್ಸು ಪುಸ್ತಕದ ಕಡೆಗೇ ವಾಲುತ್ತದೆ. ಸಾಲ, ಬರಗಾಲದ ಬಣ್ಣ, ದುಡಿದು ಬಳಲಿದ ಮುಖಗಳು ಅದರಲ್ಲಿ ನಿಜವಾಗಿವೆ, ಹಾಗಾಗಿ ಓಜ್ ಕೂಡ ನಿಜವಾಗುತ್ತದೆ.

ಆದರೆ ಸಿನಿಮಾ ಪುಸ್ತಕದ ಜೀವವನ್ನು ಅದ್ಭುತವಾಗಿ ಹಿಡಿದ ಜಾಗವೂ ಇದೆ. ಬಾಮ್ ಮೊದಲ ಅಧ್ಯಾಯದಲ್ಲಿ 'ಬೂದು' ಎಂಬ ಪದವನ್ನು ಮತ್ತೆ ಮತ್ತೆ ಬಳಸುತ್ತಾರೆ. ಬಯಲು ಬೂದು, ಬಿಸಿಲಿಗೆ ಒಣಗಿದ ಹುಲ್ಲು ಬೂದು, ಬಣ್ಣ ಮಾಸಿದ ಮನೆ ಬೂದು, ಒಂದು ಕಾಲದಲ್ಲಿ ಹೊಳೆಯುತ್ತಿದ್ದ ಎಮ್ ಅತ್ತೆಯ ಕಣ್ಣುಗಳೂ ಬೂದು. ಕ್ಯಾಮೆರಾ ಪದಗಳನ್ನು ಪುನರುಚ್ಚರಿಸಲಾರದು. ಚಿತ್ರತಂಡ ಕ್ಯಾನ್ಸಸ್ ಭಾಗವನ್ನೆಲ್ಲ ಕಂದುಛಾಯೆಯ ಏಕವರ್ಣದಲ್ಲಿ ತೋರಿಸಿ, ಡೊರೊತಿ ಬಾಗಿಲು ತೆರೆದಾಗ ಟೆಕ್ನಿಕಲರ್ ಎಂಬ ವರ್ಣಚಿತ್ರ ತಂತ್ರದ ಬಣ್ಣಗಳನ್ನು ಒಮ್ಮೆಲೇ ಬಿಟ್ಟಿತು. ಈ ಒಂದು ಶಾಟ್‌ಗಾಗಿ ಮನೆಯ ಒಳಭಾಗಕ್ಕೆ ಕಂದುಬಣ್ಣ ಬಳಿದು, ಬಣ್ಣದ ಕ್ಯಾಮೆರಾದಲ್ಲೇ ಚಿತ್ರಿಸಲಾಯಿತು. ಇಲ್ಲಿ ಬಾಮ್‌ರ ಒಂದು ವಾಕ್ಯವೂ ಉಳಿದಿಲ್ಲ, ಆದರೆ ಆ ಅಧ್ಯಾಯ ಮಾಡುವ ಕೆಲಸವಷ್ಟೂ ಆಗುತ್ತದೆ. ಮೂಲಕ್ಕೆ ನಿಷ್ಠೆ ಎಂಬ ಮಾತನ್ನು ಬಳಸುವುದಾದರೆ ನಾನು ಅದನ್ನು ಇಂಥದ್ದಕ್ಕೆ ಮೀಸಲಿಡುತ್ತೇನೆ.

ಅದೇ ಬಣ್ಣ ಇನ್ನೊಂದನ್ನು ನುಂಗಿಹಾಕಿತು. ಪುಸ್ತಕದಲ್ಲಿ ಪಚ್ಚೆ ನಗರಕ್ಕೆ ಕಾಲಿಡುವವರೆಲ್ಲ ಹಸಿರು ಕನ್ನಡಕ ಹಾಕಿಕೊಳ್ಳಬೇಕು, ಅದಕ್ಕೆ ಬೀಗವೂ ಉಂಟು. ಉಳಿದ ಊರುಗಳಿಗಿಂತ ಈ ನಗರ ಹೆಚ್ಚು ಹಸಿರೇನಲ್ಲ, ಕನ್ನಡಕದಿಂದ ಹಾಗೆ ಕಾಣುತ್ತದೆ ಎಂದು, ನಿಜಕ್ಕೆ ಯಾವ ಮಂತ್ರವೂ ಬಾರದ ಮಾಂತ್ರಿಕ ಕಡೆಗೆ ಒಪ್ಪಿಕೊಳ್ಳುತ್ತಾನೆ. ಅವನ ಮೋಸ ಎಷ್ಟು ದೊಡ್ಡದು ಎಂಬುದು ತಿಳಿಯುವುದೇ ಇದರಿಂದ. ಬಣ್ಣವನ್ನೇ ದೊಡ್ಡ ಆಕರ್ಷಣೆಯಾಗಿ ಮಾಡಿಕೊಂಡ ಸಿನಿಮಾ, ಆ ಬಣ್ಣ ಸುಳ್ಳು ಎಂದು ಹೇಳುವುದು ಕಷ್ಟ. ತೆರೆಯ ಮೇಲಿನ ನಗರ ನಿಜಕ್ಕೂ ಹಸಿರಾಗಿಯೇ ಇದೆ. ಪುಸ್ತಕದಲ್ಲಿ ಡೊರೊತಿಗೆ ಓಜ್‌ನಲ್ಲಿ ಸಿಗುವ, ಕೊನೆಗೆ ಅವಳನ್ನು ಮನೆಗೆ ಮುಟ್ಟಿಸುವ ಬೆಳ್ಳಿ ಶೂಗಳು ಸಿನಿಮಾದಲ್ಲಿ ಮಾಣಿಕ್ಯದ ಕೆಂಪು ಶೂಗಳಾದದ್ದೂ ಟೆಕ್ನಿಕಲರ್‌ಗಾಗಿಯೇ. ಹಳದಿ ಇಟ್ಟಿಗೆಯ ರಸ್ತೆಯ ಮೇಲೆ ಕೆಂಪು ಎದ್ದು ಕಾಣುತ್ತದೆ.

ಪಾತ್ರಗಳನ್ನು ಕೂಡಿಸುವಾಗ ಏನಾಗುತ್ತದೆ ಎಂಬುದನ್ನೂ ಇಲ್ಲಿ ಸ್ಪಷ್ಟವಾಗಿ ಕಾಣಬಹುದು. ಪುಸ್ತಕದಲ್ಲಿ ಇಬ್ಬರು ಒಳ್ಳೆಯ ಮಾಟಗಾತಿಯರಿದ್ದಾರೆ. ಮೊದಲು ಸಿಗುವ ಉತ್ತರದವಳಿಗೆ ಆ ಶೂಗಳಲ್ಲಿ ಏನೋ ಶಕ್ತಿಯಿದೆ ಎಂಬುದಷ್ಟೇ ಗೊತ್ತು, ಏನೆಂದು ಗೊತ್ತಿಲ್ಲ. ಗೊತ್ತಿರುವುದು ದಕ್ಷಿಣದ ಗ್ಲಿಂಡಾಳಿಗೆ. ಅವಳಿರುವಲ್ಲಿಗೆ ಹೋಗಲು ಮತ್ತೊಂದು ದೀರ್ಘ ಪಯಣವೇ ಬೇಕು, ಹೊಡೆಯುವ ಮರಗಳು, ಪಿಂಗಾಣಿ ಜನರ ಪುಟ್ಟ ನಾಡು ಎಲ್ಲ ಬರುವುದು ಆ ದಾರಿಯಲ್ಲಿ. ಸಿನಿಮಾ ಇಬ್ಬರನ್ನೂ ಒಬ್ಬಳನ್ನಾಗಿಸಿ ಆ ಪಯಣವನ್ನು ಕೈಬಿಟ್ಟಿತು, ಸಮಯ ಉಳಿಯಿತು. ಆದರೆ ಗೊತ್ತಿದ್ದ ಗ್ಲಿಂಡಾ ಮೊದಲೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಹುಟ್ಟಿಕೊಂಡಿತು. ಹೇಳಿದ್ದರೆ ಡೊರೊತಿ ನಂಬುತ್ತಿರಲಿಲ್ಲ, ತಾನೇ ಕಲಿಯಬೇಕಿತ್ತು ಎಂಬ ಉತ್ತರವನ್ನು ಚಿತ್ರಕಥೆ ಕೊಡುತ್ತದೆ. ಗಮನಿಸಿ, ಆ ಕಂದಕವನ್ನು ಮುಚ್ಚಲು ಸಿಕ್ಕ ಮಣ್ಣು ಮತ್ತದೇ ಪಾಠದ್ದು.

ಮಾಟಗಾತಿಯ ಸಾವಿನಲ್ಲಿ ಇನ್ನೂ ಸೂಕ್ಷ್ಮವಾದ ವ್ಯತ್ಯಾಸವಿದೆ. ಪುಸ್ತಕದಲ್ಲಿ ಅವಳು ಕಣ್ಣಿಗೆ ಕಾಣದ ಸರಳೊಂದನ್ನು ಅಡ್ಡವಿಟ್ಟು ಡೊರೊತಿಯನ್ನು ಬೀಳಿಸಿ ಒಂದು ಶೂ ಕಸಿದುಕೊಳ್ಳುತ್ತಾಳೆ. ಡೊರೊತಿ ಸಿಟ್ಟಿಗೆದ್ದು ಬಕೆಟ್ ನೀರನ್ನು ಅವಳ ಮೇಲೆ ಎರಚುತ್ತಾಳೆ. ಕರಗುತ್ತಾಳೆಂದು ಗೊತ್ತಿರಲಿಲ್ಲ ನಿಜ, ಸಿಟ್ಟು ಮಾತ್ರ ಅವಳದೇ. ಸಿನಿಮಾದಲ್ಲಿ ಬೆರ್ಚಪ್ಪನಿಗೆ ಹತ್ತಿದ ಬೆಂಕಿ ಆರಿಸಲು ಎರಚಿದ ನೀರು ಮಾಟಗಾತಿಯ ಮೇಲೆ ಬೀಳುತ್ತದೆ. ತನ್ನ ವಸ್ತುವಿಗಾಗಿ ಕೋಪಗೊಳ್ಳುವ ಹಕ್ಕನ್ನು ಅವಳಿಂದ ಹೀಗೆ ಕಿತ್ತುಕೊಂಡದ್ದು ನನಗೆ ಈಗಲೂ ನೋವು ತರುತ್ತದೆ.

ರೂಪಾಂತರಕ್ಕೆ ಮೂಲ ಒಂದೇ ಎಂದು ತಿಳಿಯುವುದೂ ಸರಿಯಲ್ಲ. ಗಸಗಸೆ ಹೂಗಳ ಹೊಲದಲ್ಲಿ ಮಲಗಿಬಿಟ್ಟ ಸಿಂಹವನ್ನು ಪುಸ್ತಕದಲ್ಲಿ ಸಾವಿರಾರು ಇಲಿಗಳು ಗಾಡಿಗೆ ಕಟ್ಟಿ ಎಳೆಯುತ್ತವೆ. ಸಿನಿಮಾದಲ್ಲಿ ಹಿಮ ಬಿದ್ದು ಎಲ್ಲರೂ ಎಚ್ಚರಗೊಳ್ಳುತ್ತಾರೆ. ಆ ಹಿಮ ಬಂದದ್ದು ಬಾಮ್ ಸ್ವತಃ ಕೈಜೋಡಿಸಿದ್ದ, 1902ರಲ್ಲಿ ಷಿಕಾಗೋದಲ್ಲಿ ತೆರೆಕಂಡ ಸಂಗೀತ ನಾಟಕದಿಂದ. ಆ ನಾಟಕದಲ್ಲಿ ಟೋಟೋನ ಬದಲಿಗೆ ಇಮೋಜನ್ ಎಂಬ ಹಸುವಿತ್ತು, ರಂಗದ ಮೇಲೆ ಹಸುವಿನ ವೇಷ ಹಾಕಿದ ನಟ ದೂರ ಕೂತವರಿಗೂ ಕಾಣುತ್ತಾನೆ.

ಕಾಲ ಕಳೆದಂತೆ ರೂಪಾಂತರವೇ ಮೂಲದ ಜಾಗದಲ್ಲಿ ಕೂತುಬಿಡುವುದುಂಟು. ಪಶ್ಚಿಮದ ಮಾಟಗಾತಿ ಎಂದರೆ ಹಸಿರು ಮೈ ಎಂದು ಇಂದು ಎಲ್ಲರೂ ಹೇಳುತ್ತಾರೆ, ಬಾಮ್ ಹಾಗೆ ಬರೆದಿಲ್ಲ. ಅವರ ಪುಸ್ತಕದಲ್ಲಿ ಅವಳಿಗಿರುವುದು ದೂರದರ್ಶಕದಂತೆ ನೋಡಬಲ್ಲ ಒಂದೇ ಕಣ್ಣು. ಮೊದಲ ಪುಸ್ತಕದ ಹಕ್ಕುಸ್ವಾಮ್ಯ 1956ರಲ್ಲಿ ಮುಗಿದು ಬೆಳ್ಳಿ ಶೂಗಳು ಎಲ್ಲರ ಸೊತ್ತಾದವು, ಮಾಣಿಕ್ಯದ ಶೂಗಳು ಮಾತ್ರ ಸಿನಿಮಾದ ಸ್ವಂತ ಸೃಷ್ಟಿ. 1985ರಲ್ಲಿ ಡಿಸ್ನಿ ಸಂಸ್ಥೆ ಬಾಮ್‌ರ ಎರಡನೆಯ ಮತ್ತು ಮೂರನೆಯ ಪುಸ್ತಕಗಳನ್ನು ಸೇರಿಸಿ 'ರಿಟರ್ನ್ ಟು ಓಜ್' ತೆಗೆದಾಗ, ಪ್ರೇಕ್ಷಕರಿಗೆ ಕೆಂಪು ಶೂಗಳೇ ಗುರುತು ಎಂದು ಅವನ್ನು ಬಳಸಲು ಎಂಜಿಎಂಗೆ ಹಣ ಕೊಡಬೇಕಾಯಿತು.