ರಿಪೋರ್ಟ್‌ನಲ್ಲಿ ‘ಕ್ಯಾರಿಯರ್’ ಅಂತ ಬಂದರೆ?

ಮರಿ ಮಾಡಿಸುವ ಮೊದಲು ಜೀನ್ ಟೆಸ್ಟ್ ಮಾಡಿಸಿ ಅಂದರೆ ಬಳ್ಳಾರಿಯಲ್ಲಿ ಸಿಗುವ ಉತ್ತರ ಒಂದೇ: ‘ನಮ್ಮ ನಾಯಿಗೆ ಏನಾಗೇತ್ರಿ ಸರ್, ಗುಂಡುಕಲ್ಲಿನಂಗ ಐತಿ.’ ಗುಂಡುಕಲ್ಲಿನ ಹಾಗಿರುವ ನಾಯಿಗೇ ಈ ಟೆಸ್ಟ್ ಬೇಕಾಗುವುದು. ಕಾಯಿಲೆ ಬಿದ್ದಿರುವ ನಾಯಿಗೆ ಯಾರು ಕ್ರಾಸ್ ಮಾಡಿಸುತ್ತಾರೆ?

ಲ್ಯಾಬ್ರಡಾರ್ ಎಲ್ಲರಿಗೂ ಗೊತ್ತಿರುವ ನಾಯಿ, ಅದನ್ನೇ ತೆಗೆದುಕೊಳ್ಳೋಣ. ಈ ತಳಿಯಲ್ಲಿ ಇಐಸಿ ಅನ್ನುವ ತೊಂದರೆ ಇದೆ. ಚೆಂಡಿನ ಹಿಂದೆ ಜೋರಾಗಿ ಓಡಿದ ಹತ್ತು ಹದಿನೈದು ನಿಮಿಷಕ್ಕೆ ಹಿಂಗಾಲು ತೂರಾಡುತ್ತದೆ. ನಾಯಿ ಹಿಂಭಾಗ ಎಳೆದುಕೊಂಡೇ ಚೆಂಡು ತರಲು ಹೋಗುತ್ತದೆ, ಆಮೇಲೆ ಕುಸಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಎದ್ದು ಏನೂ ಆಗದ ಹಾಗೆ ಓಡಾಡುತ್ತದೆ. ಅಪರೂಪಕ್ಕೆ ಸಾಯುವುದೂ ಉಂಟು. ನಮ್ಮ ಊರಲ್ಲಿ ಇದನ್ನು ನೋಡಿದವರು ‘ಬಿಸಿಲು ಬಡೀತು’ ಅನ್ನುತ್ತಾರೆ. ಏಪ್ರಿಲ್ ತಿಂಗಳಾದರೆ ನಾನೂ ಮೊದಲು ಹಾಗೇ ಅಂದುಕೊಂಡು ಮೈ ತಣ್ಣಗೆ ಮಾಡುವ ಕೆಲಸಕ್ಕೆ ಇಳಿಯುತ್ತೇನೆ. ಆದರೆ ಡಿಸೆಂಬರ್ ಬೆಳಿಗ್ಗೆಯೂ ಅದೇ ನಾಯಿ ಹಾಗೇ ಬಿದ್ದರೆ ಅನುಮಾನ ಪಡಬೇಕು. ಡಿಎನ್‌ಎಂ1 ಅನ್ನುವ ಜೀನ್‌ನ ದೋಷ ಇದಕ್ಕೆ ಕಾರಣ ಅಂತ 2008ರಲ್ಲಿ ಪ್ರಕಟವಾಯಿತು. ಈಗ ಟೆಸ್ಟ್ ಇದೆ.

ಈ ದೋಷ ಅಪ್ಪನಿಂದ ಒಂದು, ಅವ್ವನಿಂದ ಒಂದು, ಹೀಗೆ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಯಿಲೆಯ ಭಯ. ಒಂದೇ ಕಡೆಯಿಂದ ಬಂದಿದ್ದರೆ ಅದು ಕ್ಯಾರಿಯರ್. ಅದು ಬೀಳುವುದಿಲ್ಲ, ಮರಿಗಳಿಗೆ ದಾಟಿಸಬಹುದು ಅಷ್ಟೇ. ಈ ಪದ ನೋಡಿದ ತಕ್ಷಣ ‘ಹಂಗಾದ್ರ ಮಾರಿಬಿಡ್ಲೇನ್ರಿ?’ ಅಂತ ಕೇಳುವವರಿದ್ದಾರೆ. ಬೇಡ. ಒಳ್ಳೆ ಸ್ವಭಾವ, ಒಳ್ಳೆ ಕಾಲು ಇರುವ ನಾಯಿಯನ್ನು ಅದೊಂದಕ್ಕೇ ತೆಗೆದುಹಾಕಿದರೆ ನಷ್ಟ ತಳಿಗೇ. ಕ್ಲಿಯರ್ ಅಂತ, ಅಂದರೆ ಈ ದೋಷ ಯಾವ ಕಡೆಯಿಂದಲೂ ಬಂದಿಲ್ಲ ಅಂತ ರಿಪೋರ್ಟ್ ಇರುವ ಗಂಡಿನ ಜೊತೆ ಹಾಕಿ. ಒಂದು ಮರಿಗೂ ಇಐಸಿ ಬರುವುದಿಲ್ಲ, ಸುಮಾರು ಅರ್ಧ ಮರಿ ಕ್ಯಾರಿಯರ್ ಆಗಬಹುದು. ಎರಡೂ ಕ್ಯಾರಿಯರ್ ಆಗಿದ್ದರೆ ಮಾತ್ರ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಎಂಟು ಮರಿಯಲ್ಲಿ ಸರಿಯಾಗಿ ಎರಡಕ್ಕೇ ಬರುತ್ತದೆ ಅಂತಲ್ಲ. ಒಂದಕ್ಕೂ ಬರದಿರಬಹುದು, ನಾಲ್ಕಕ್ಕೂ ಬರಬಹುದು.

ಪಿಆರ್‌ಎ ಅನ್ನುವ ಕಣ್ಣಿನ ಕಾಯಿಲೆಯ ಲೆಕ್ಕವೂ ಇದೇ. ಅದು ಇನ್ನೂ ಮೋಸದ್ದು. ಮೊದಲು ಇರುಳುಗುರುಡು. ಕರೆಂಟ್ ಹೋದಾಗ ಮೆಟ್ಟಿಲು ಇಳಿಯಲು ಹಿಂಜರಿಯುತ್ತದೆ, ಮನೆಯವರು ಸುಮ್ನೆ ಮೊಂಡಾಟ ಅಂದುಕೊಳ್ಳುತ್ತಾರೆ. ಇದು ಕಾಣುವ ಹೊತ್ತಿಗೆ ಎಷ್ಟೋ ಸಲ ನಾಯಿಗೆ ಮೂರು ನಾಲ್ಕು ವರ್ಷ, ಎರಡು ಸೂಲೂ ಮುಗಿದಿರುತ್ತದೆ. ನಮ್ಮಂಥ ಊರಲ್ಲಿ ಒಳ್ಳೆ ಗಂಡು ನಾಯಿಗಳು ಬೆರಳೆಣಿಕೆಯಷ್ಟು. ಅದೇ ಗಂಡನ್ನು ಊರೆಲ್ಲ ಬಳಸಿ, ಅದರ ಮರಿ ಮೊಮ್ಮರಿಗಳನ್ನೇ ಮತ್ತೆ ಕೂಡಿಸಿದರೆ ಎರಡು ಕಡೆಯ ದೋಷ ಒಂದೇ ಮರಿಯಲ್ಲಿ ಸೇರಲು ಎಷ್ಟು ಹೊತ್ತು?

ಟೆಸ್ಟ್ ಎಲ್ಲಕ್ಕೂ ಉತ್ತರ ಕೊಡುವುದಿಲ್ಲ. ಸೊಂಟದ ಕೀಲಿನ ಹಿಪ್ ಡಿಸ್‌ಪ್ಲೇಸಿಯಾಕ್ಕೆ ಒಂದೇ ಜೀನ್ ಕಾರಣ ಅಲ್ಲ, ತೂಕ, ಆಹಾರ ಎಲ್ಲ ಸೇರುತ್ತದೆ. ಅದಕ್ಕೆ ಎಕ್ಸ್‌ರೇನೇ ಬೇಕು, ಅದೂ ಎರಡು ವರ್ಷ ತುಂಬಿದ ಮೇಲೆ ತೆಗೆಸಿದರೆ ಭರವಸೆ ಜಾಸ್ತಿ. ಜರ್ಮನ್ ಶೆಫರ್ಡ್‌ಗೆ ವಯಸ್ಸಾದ ಮೇಲೆ ಹಿಂಗಾಲು ಸೋಲುವ ಡಿಎಂ ಕಾಯಿಲೆಗೆ ಟೆಸ್ಟ್ ಇದೆ. ಆದರೆ ಎರಡೂ ಕಡೆಯಿಂದ ದೋಷ ಬಂದ ನಾಯಿಗಳಿಗೆಲ್ಲ ಕಾಯಿಲೆ ಬಂದೇ ಬರುತ್ತದೆ ಅಂತಿಲ್ಲ. ಮುಧೋಳ ನಾಯಿ ಸಾಕುವವರೂ ಕೇಳುತ್ತಾರೆ. ಈ ಟೆಸ್ಟ್‌ಗಳು ಹೆಚ್ಚಾಗಿ ಹೊರದೇಶದ ತಳಿಗಳನ್ನು ನೋಡಿ ಮಾಡಿದವು. ಹಾಗಾಗಿ ಮುಧೋಳಕ್ಕೆ ದೊಡ್ಡ ಪ್ಯಾಕೇಜ್ ಕೊಳ್ಳುವ ಬದಲು ಅಪ್ಪ ಅವ್ವ ಹೇಗಿವೆ, ಹಿಂದಿನ ಸೂಲಿನ ಮರಿಗಳು ಹೇಗಿವೆ ಅಂತ ವಿಚಾರಿಸಿ ಅನ್ನುತ್ತೇನೆ.

ಸ್ಯಾಂಪಲ್ ಕೊಡುವುದು ಸುಲಭ. ಸ್ವಲ್ಪ ರಕ್ತ, ಇಲ್ಲವೇ ಕೆನ್ನೆಯ ಒಳಗೆ ಸ್ವಾಬ್ ಉಜ್ಜಿದರೆ ಸಾಕು. ಮರಿಯಾದರೆ ಹಾಲು ಕುಡಿದ ಕೂಡಲೇ ಉಜ್ಜಬೇಡಿ, ಅವ್ವನ ಜೀವಕೋಶವೂ ಬಾಯಲ್ಲಿ ಸೇರಿರುತ್ತದೆ. ಜೀನ್ ಬದಲಾಗುವುದಿಲ್ಲ, ಆದ್ದರಿಂದ ಜೀವಮಾನಕ್ಕೆ ಒಂದೇ ಸಲ ಸಾಕು. ರಿಪೋರ್ಟ್ ಬರಲು ವಾರಗಟ್ಟಲೆ ಹಿಡಿಯಬಹುದು. ಬೆದೆಗೆ ಬಂದ ಮೇಲೆ ಓಡಿ ಬಂದರೆ ಆ ಸಲಕ್ಕೆ ಉಪಯೋಗ ಇಲ್ಲ. 2017ರ ಕೇಂದ್ರದ ನಿಯಮದ ಪ್ರಕಾರ ಹೇಗಿದ್ದರೂ ಹೆಣ್ಣಿಗೆ 18 ತಿಂಗಳು ತುಂಬುವ ತನಕ ಮರಿ ಮಾಡಿಸುವಂತಿಲ್ಲ. ಸಮಯ ಬೇಕಾದಷ್ಟಿದೆ ಅಲ್ವಾ?

ಗಂಡು ನಾಯಿಯವರು ವಾಟ್ಸಾಪ್‌ನಲ್ಲಿ ರಿಪೋರ್ಟ್ ಕಳಿಸಿದರೆ ಅದರಲ್ಲಿ ಮೈಕ್ರೋಚಿಪ್ (ಗುರುತಿಗಾಗಿ ನಾಯಿಯ ಚರ್ಮದಡಿ ಹಾಕುವ ಪುಟ್ಟ ಚಿಪ್) ನಂಬರ್ ಇದೆಯಾ ನೋಡಿ. ಆಮೇಲೆ ಸ್ಕ್ಯಾನರ್ ಇರುವ ಡಾಕ್ಟರ ಹತ್ತಿರ ಆ ನಾಯಿಯ ಚಿಪ್ ಓದಿಸಿ, ನಂಬರ್ ಹೊಂದಿದರೆ ಮಾತ್ರ ಮುಂದಿನ ಮಾತು ಆಡಿ.