ಯಥಾರ್ಥತೆ: ಚೀಲದೊಳಗಿನ ಎರಡು ಕಲ್ಲು

ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಬೈಬಲಿನ ಯೋಬನ ಕಥೆ ಓದಿಸುತ್ತಿದ್ದೆ. ಮೊದಲನೇ ವಚನಕ್ಕೇ ಒಬ್ಬ ಹುಡುಗ ಎದ್ದು ನಿಂತ. ‘ಸರ್, ಯಥಾರ್ಥಚಿತ್ತ ಅಂದ್ರೆ ಏನ್ರೀ?’ ‘ಒಳ್ಳೆಯವನು ಅಂತ’ ಅಂದೆ. ‘ಹಂಗಾದ್ರೆ ಒಳ್ಳೆಯವನು ಅಂತಾನೇ ಬರೀಬಹುದಿತ್ತಲ್ರೀ?’ ಅಂದ.

ನ್ಯಾಯವಾದ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ. ಮುಂದಿನ ವಾರ ಹೇಳ್ತೀನಿ ಅಂತ ಜಾರಿಕೊಂಡೆ. ಆ ಮುಂದಿನ ವಾರ ಬರಲೇ ಇಲ್ಲ. ಹುಡುಗ ಈಗ ಪಿಯುಸಿ ಓದುತ್ತಿದ್ದಾನೆ. ನಾಲ್ಕು ವರ್ಷದ ಬಾಕಿ ಇದು, ಈಗ ತೀರಿಸುತ್ತಿದ್ದೇನೆ.

ಪದದಿಂದಲೇ ಶುರು ಮಾಡೋಣ. ಯಥಾ ಅಂದರೆ ಹೇಗೋ ಹಾಗೆ. ಅರ್ಥ ಅಂದರೆ ಇಲ್ಲಿ ವಸ್ತು, ಸಂಗತಿ. ಎರಡೂ ಸೇರಿದರೆ ‘ಇದ್ದದ್ದು ಇದ್ದ ಹಾಗೆ’. ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದ ಅಂತ ಗಾದೆ ಇದೆಯಲ್ಲ, ಆ ‘ಇದ್ದಂಗೆ’ ಅನ್ನೋದೇ ಯಥಾರ್ಥ. ಇದರ ಪಕ್ಕದ ಮನೆಯ ಪದ ಪ್ರಾಮಾಣಿಕ. ಅದು ಹುಟ್ಟಿದ್ದು ಪ್ರಮಾಣದಿಂದ. ಪ್ರಮಾಣಕ್ಕೆ ಕನ್ನಡದಲ್ಲಿ ಎಷ್ಟು ಅರ್ಥ ನೋಡಿ: ಅಳತೆ ಅನ್ನುವುದೂ ಅದೇ, ಆಣೆ ಅನ್ನುವುದೂ ಅದೇ. ಅಳತೆಗೂ ಆಣೆಗೂ ಒಂದೇ ಪದ ಸಾಕು ಅಂತ ನಮ್ಮ ಹಿಂದಿನವರಿಗೆ ಅನಿಸಿತ್ತೇನೋ. ಈ ಮಾತು ನೆನಪಿನಲ್ಲಿರಲಿ, ಮುಂದೆ ತಕ್ಕಡಿ ಬರುತ್ತದೆ.

ಬೈಬಲಿನ ಹಳೆ ಒಡಂಬಡಿಕೆ ಹೀಬ್ರೂ ಭಾಷೆಯದು. ಯೋಬನ ಬಗ್ಗೆ ಅಲ್ಲಿ ಎರಡು ಮಾತು ಜೊತೆಗೆ ಬರುತ್ತವೆ: ತಾಮ್, ಯಾಶಾರ್. ಯಾಶಾರ್ ಅಂದರೆ ನೆಟ್ಟಗಿರುವುದು, ಡೊಂಕಿಲ್ಲದ್ದು. ತಾಮ್ ಅಂದರೆ ಇಡಿಯಾಗಿರುವುದು, ಒಡಕಿಲ್ಲದ್ದು. ನಮ್ಮ ಕನ್ನಡ ಬೈಬಲು ತಾಮ್‌ಗೆ ಇಲ್ಲಿ ‘ನಿರ್ದೋಷಿ’ ಅಂತಲೂ ಯಾಶಾರ್‌ಗೆ ‘ಯಥಾರ್ಥಚಿತ್ತ’ ಅಂತಲೂ ಹಾಕಿದೆ. ಬೇರೆ ಕಡೆ ಇವು ಅದಲು ಬದಲಾಗುವುದೂ ಉಂಟು. ಇಂಗ್ಲಿಷಿನವರು ಇಂಟೆಗ್ರಿಟಿ ಅನ್ನುವುದು ಹೆಚ್ಚಾಗಿ ಈ ತಾಮ್‌ಗೇ. ಅದೂ ಲ್ಯಾಟಿನ್ನಿನ ‘ಇಡೀ’ ಅನ್ನುವ ಪದದಿಂದ ಬಂದದ್ದು. ಗಣಿತದಲ್ಲಿ ಪೂರ್ಣಾಂಕಕ್ಕೆ ಇಂಟೀಜರ್ ಅಂತೀವಲ್ಲ, ಅದರ ಅಣ್ಣತಮ್ಮ.

ತಾಮ್‌ನ ಇನ್ನೊಂದು ರೂಪ ತಾಮೀಮ್. ಇದು ಕುರಿಮರಿಗೂ ಬಳಸುವ ಪದ. ಯೆಹೂದ್ಯರ ಪಸ್ಕ ಹಬ್ಬಕ್ಕೆ ತರುವ ಮರಿ ತಾಮೀಮ್ ಆಗಿರಬೇಕು: ಕುಂಟಬಾರದು, ಕಣ್ಣು ಹೋಗಿರಬಾರದು, ಹುಣ್ಣು ಕಜ್ಜಿ ಇರಬಾರದು. ಸಂತೆಯಲ್ಲಿ ಕುರಿ ಕೊಳ್ಳುವವರು ಬೆನ್ನಿನ ಮೇಲೆ ಕೈಯಾಡಿಸಿ, ಬಾಯಿ ಬಿಚ್ಚಿ ಹಲ್ಲು ನೋಡುತ್ತಾರಲ್ಲ, ಆ ನೋಟದಲ್ಲಿ ಪಾಸಾದ ಮರಿ. ಅದೇ ಪದವನ್ನು ದೇವರು ಅಬ್ರಹಾಮನಿಗೂ ಹೇಳುತ್ತಾನೆ: ನನ್ನೆದುರಿಗೆ ನಡೆ, ತಾಮೀಮ್ ಆಗಿರು. ಎಲ್ಲಿ ಮುಟ್ಟಿ ನೋಡಿದರೂ ಒಂದೇ ಥರ ಇರು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಈಗ ತಕ್ಕಡಿಗೆ ಬರೋಣ. ನನ್ನ ಕೆಲಸವೇ ಅದರ ಪಕ್ಕದಲ್ಲಿತ್ತು.

ಬೈಬಲಿನ ಧರ್ಮೋಪದೇಶಕಾಂಡದ 25ನೇ ಅಧ್ಯಾಯದಲ್ಲಿ ಒಂದು ನಿಯಮ ಇದೆ. ನಿನ್ನ ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ಹೀಗೆ ಎರಡು ಬಗೆಯ ತೂಕದ ಕಲ್ಲು ಇರಬಾರದು. ಹೀಬ್ರೂವಿನಲ್ಲಿ ಇದಕ್ಕೆ ‘ಎವೆನ್ ವಾ ಎವೆನ್’ ಅಂತಾರೆ. ಅಂದರೆ ‘ಕಲ್ಲೂ ಕಲ್ಲೂ’, ಅಷ್ಟೇ. ನಾವೂ ತೂಕದ ಕಲ್ಲು ಅಂತಲೇ ಅಲ್ವಾ ಅನ್ನೋದು? ಅಲ್ಲಿ ನಿಜಕ್ಕೂ ಕಲ್ಲೇ ಇತ್ತು. ಜೆರುಸಲೇಮಿನ ಸುತ್ತಮುತ್ತ ಅಗೆದಾಗ ಸುಣ್ಣಕಲ್ಲಿನ ಗುಂಡು ಗುಂಡಾದ ತೂಕಗಳು ಬೇಕಾದಷ್ಟು ಸಿಕ್ಕಿವೆ. ಅವರ ತೂಕದ ಮಾನ ಶೆಕೆಲ್, ಒಂದು ಶೆಕೆಲ್ ಸುಮಾರು 11 ಗ್ರಾಂ. ಕೊಳ್ಳುವಾಗ ದೊಡ್ಡ ಕಲ್ಲು ಹಾಕು, ಮಾರುವಾಗ ಚಿಕ್ಕದು ಹಾಕು. ಆಟ ಇಷ್ಟೇ. ನಿಯಮ ಮಾತ್ರ ಆಟಕ್ಕಿಂತ ಒಂದು ಹೆಜ್ಜೆ ಮುಂದಿದೆ. ಬಳಸಬೇಡ ಅನ್ನುವುದಿಲ್ಲ, ಚೀಲದಲ್ಲೇ ಇರಬಾರದು ಅನ್ನುತ್ತದೆ.

ನನಗೆ ಈ ಪದ ನಿಜವಾಗಿ ತೆರೆದುಕೊಂಡದ್ದು ಬೈಬಲಿನ 12ನೇ ಕೀರ್ತನೆ ಓದಿದಾಗ. ಹಲ್ಲು ಕಿರಿದು ಮಾತಾಡುವವರ ಬಗ್ಗೆ ಅಲ್ಲಿ ಒಂದು ದೂರು ಇದೆ. ಅವರು ‘ಲೇವ್ ವಾ ಲೇವ್’ ಮಾತಾಡುತ್ತಾರಂತೆ. ಲೇವ್ ಅಂದರೆ ಹೃದಯ. ‘ಹೃದಯವೂ ಹೃದಯವೂ’. ಕಲ್ಲೂ ಕಲ್ಲೂ, ಹೃದಯವೂ ಹೃದಯವೂ: ಒಂದೇ ಅಚ್ಚಿನ ಮಾತು! ಕೊಳ್ಳೋದಕ್ಕೊಂದು ಮಾರೋದಕ್ಕೊಂದು ಕಲ್ಲು ಇಟ್ಟುಕೊಂಡವನ ಹಾಗೆ, ಎದುರಿಗೊಂದು ಹಿಂದೊಂದು ಮನಸ್ಸು ಇಟ್ಟುಕೊಂಡವನು. ತಾಮ್ ಅನ್ನುವುದರ ಎದುರು ಪದ ಇದು. ಬೈಬಲಿನ ಪ್ರಕಾರ ಯಥಾರ್ಥ ಅಂದರೆ ಯಾರು ಅಂತ ಆ ಹುಡುಗ ಈಗ ಕೇಳಿದರೆ ನಾನು ಒಳ್ಳೆಯವನು ಅನ್ನುವುದಿಲ್ಲ. ಒಂದೇ ಕಲ್ಲು ಇಟ್ಟುಕೊಂಡವನು ಅಂತೀನಿ.

ಕೇಳಲು ಸುಲಭ. ನನ್ನ ಚೀಲದಲ್ಲಿ ಎಷ್ಟಿದ್ದವು ಅಂತ ಹೇಳುತ್ತೇನೆ.

ಕೆಲವು ವರ್ಷ ದಾವಣಗೆರೆಯ ಒಂದು ಮೆಕ್ಕೆಜೋಳ ಖರೀದಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಹೆಸರು ಬೇಡ. ಅಕ್ಟೋಬರ್ ನವೆಂಬರ್ ಬಂತೆಂದರೆ ಈ ಊರಿನಲ್ಲಿ ಎಲ್ಲಿ ನೋಡಿದರೂ ಜೋಳದ ರಾಶಿ. ರಸ್ತೆ ಮೇಲೂ ಒಣಗಲು ಹರವಿರುತ್ತಾರೆ. ರೈತರು ಟ್ರ್ಯಾಕ್ಟರಿನಲ್ಲಿ ತರುತ್ತಾರೆ, ತೇವಾಂಶ ನೋಡುತ್ತೇವೆ, ಹಮಾಲರು ಚೀಲ ಎತ್ತಿ ಕಾಟಾದ ಮೇಲೆ ಇಡುತ್ತಾರೆ, ನಾನು ಬರೆಯುತ್ತೇನೆ. ಕಾಟಾದಲ್ಲಿ ಏನೂ ಮೋಸ ಇರಲಿಲ್ಲ. ಎಲೆಕ್ಟ್ರಾನಿಕ್ ಕಾಟಾ, ವರ್ಷಕ್ಕೊಮ್ಮೆ ತೂಕ ಅಳತೆ ಇಲಾಖೆಯಿಂದ ಪರೀಕ್ಷೆ ಆಗಿ ಮುದ್ರೆ ಬೀಳಬೇಕು, ಬೀಳುತ್ತಿತ್ತು. ತೂಕ ಅಳತೆಯ 2009ರ ಕಾನೂನು ಕಾಟಾದ ಬಗ್ಗೆ ಕೇಳುವುದು ಇದನ್ನೇ.

ಬಂದ ತೂಕದಲ್ಲಿ ಖಾಲಿ ಚೀಲದ ತೂಕ ಕಳೆಯಬೇಕಲ್ಲ. ನಾವು ಚೀಲಕ್ಕೆ 1 ಕೆಜಿ ಕಳೆಯುತ್ತಿದ್ದೆವು. ಯಾವ ಕಾಲದಿಂದಲೋ ಹಾಗೇ ನಡೆದು ಬಂದಿತ್ತು.

ಒಂದು ದಿನ ಜಗಳೂರು ಕಡೆಯ ಒಬ್ಬ ರೈತರು ಚೀಟಿ ತಿರುಗಿಸಿ ನೋಡಿ ಕೇಳಿದರು: ‘ಅಲ್ಲಣ್ಣಾ, ಖಾಲಿ ಚೀಲ ಒಂದ್ ಕೆಜಿ ತೂಗ್ತತಾ?’

‘ಹೂಂ ಯಜಮಾನ್ರೇ, ಅಷ್ಟೇ ತೂಗೋದು’ ಅಂದೆ. ತಲೆ ಕೂಡ ಎತ್ತಲಿಲ್ಲ.

ಅವರು ದುಡ್ಡು ಎಣಿಸಿಕೊಂಡು ಹೋದರು. ಮಧ್ಯಾಹ್ನ ಊಟ ಮಾಡಿ ಬಂದೆ, ಅಂಗಡಿ ಖಾಲಿ ಇತ್ತು. ಮೂಲೆಯಲ್ಲಿ ಬಿದ್ದಿದ್ದ ಒಂದು ಗೋಣಿಚೀಲ ಕೊಡವಿ ಮಡಚಿ ಕಾಟಾದ ಮೇಲೆ ಇಟ್ಟೆ. ಕೆಂಪು ಅಂಕಿ ಸ್ವಲ್ಪ ಕುಣಿದು ನಿಂತಿತು. 680 ಗ್ರಾಂ. ಇನ್ನೊಂದು ಇಟ್ಟೆ. ಅದೂ ಹೆಚ್ಚು ಕಡಿಮೆ ಅಷ್ಟೇ. ಆಮೇಲೆ ಮಾರಾಟದ ಪುಸ್ತಕ ತೆಗೆದೆ. ಇದೇ ಜೋಳವನ್ನು ನಾವು ಕೋಳಿ ಫೀಡ್ ಮಿಲ್ಲುಗಳಿಗೆ ಕಳಿಸುತ್ತಿದ್ದೆವು. ಅವರಿಗೆ ಬಿಲ್ ಹಾಕುವಾಗ ಚೀಲಕ್ಕೆ 700 ಗ್ರಾಂ ಕಳೆದಿತ್ತು. ಕೊಳ್ಳುವಾಗ 1 ಕೆಜಿ, ಮಾರುವಾಗ 700 ಗ್ರಾಂ. ಎರಡೂ ನನ್ನದೇ ಅಕ್ಷರ. ಎರಡು ಸೀಸನ್ ಬರೆದಿದ್ದೆ, ಒಂದು ದಿನವೂ ಎರಡು ಪುಸ್ತಕ ಪಕ್ಕ ಪಕ್ಕ ಇಟ್ಟು ನೋಡಿರಲಿಲ್ಲ.

ಆ ರೈತರದು 140 ಚೀಲ. ಚೀಲಕ್ಕೆ 300 ಗ್ರಾಂ ಅಂದರೆ 42 ಕೆಜಿ. ಆವತ್ತಿನ ದರ ಕ್ವಿಂಟಲ್‌ಗೆ 2,100 ರೂಪಾಯಿ. 882 ರೂಪಾಯಿ ಆಯಿತು. ದೊಡ್ಡ ಮೊತ್ತವೇನಲ್ಲ ಅನ್ನಬಹುದು. ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಬಂದವರಿಗೆ ಅದು ದೊಡ್ಡದೋ ಚಿಕ್ಕದೋ ಅಂತ ಹೇಳೋಕೆ ನಾನ್ಯಾರು.

ಸಾವ್ಕಾರರಿಗೆ ಹೇಳಿದೆ. ‘ಎಲ್ಲಾ ಕಡೆ ಇದೇ ನಡೆಯೋದಪ್ಪ, ಕಸ ಕಡ್ಡಿ ಎಲ್ಲಾ ಅದರಾಗೇ ಹೋಗ್ತತಿ’ ಅಂದರು. ನಾನು ಸುಮ್ಮನಾದೆ. ಸುಮ್ಮನಾಗಿ ಇನ್ನೊಂದು ಸೀಸನ್ ಪೂರ್ತಿ ಬರೆದೆ. ಆಮೇಲೆ ಆ ಕೆಲಸ ಬಿಟ್ಟೆ. ಇದಕ್ಕೇ ಬಿಟ್ಟೆ ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಯಥಾರ್ಥದ ಬಗ್ಗೆ ಬರೆಯುತ್ತಾ ಹಾಗೆ ಬರೆಯಬಾರದು. ಬೇರೆ ಕಡೆ ಸಂಬಳ ಜಾಸ್ತಿ ಸಿಕ್ಕಿತು, ಬಿಟ್ಟೆ.

ಈ ಕಥೆಯಲ್ಲಿ ಕಳ್ಳ ಕಲ್ಲು ಎಲ್ಲೂ ಇಲ್ಲ ನೋಡಿ. ಕಾಟಾ ಸರಿ, ಮುದ್ರೆ ಸರಿ, ಕೂಡಿಸಿ ಕಳೆದದ್ದೂ ಸರಿ. ಆಮೋಸ ಅನ್ನುವ ಪ್ರವಾದಿ ಧಾನ್ಯ ಅಳೆಯುವ ಎಫಾ ಕಿರಿದು ಮಾಡಿ ದುಡ್ಡು ತೂಗುವ ಶೆಕೆಲ್ ಹಿರಿದು ಮಾಡುವ ವ್ಯಾಪಾರಿಗಳನ್ನು ಬೈಯುತ್ತಾನೆ. ಹಬ್ಬ ಯಾವಾಗ ಮುಗಿಯುತ್ತದೋ, ಅಂಗಡಿ ಯಾವಾಗ ತೆರೆಯುತ್ತೇವೋ ಅಂತ ಅವರು ಕಾಯುತ್ತಿದ್ದರಂತೆ. ಅಂದರೆ ಅವರು ಹಬ್ಬವನ್ನೂ ತಪ್ಪದೆ ಮಾಡುತ್ತಿದ್ದರು. ಭಾನುವಾರ ಪಾಠ ಹೇಳಿ ಸೋಮವಾರ 1 ಕೆಜಿ ಬರೆಯುತ್ತಿದ್ದ ನನಗೆ ಆ ಸಾಲು ಓದಿದಾಗ ಕುರ್ಚಿಯಲ್ಲಿ ಕೂರಲು ಕಷ್ಟವಾಯಿತು.

ಸರಿ ಮಾಡುವುದು ಹೇಗೆ? ಇಲ್ಲಿ ಜಕ್ಕಾಯನ ಹೆಸರು ಬರಲೇಬೇಕು. ಯೆರಿಕೋವಿನ ಸುಂಕದವರ ಮುಖಂಡ, ಕುಳ್ಳ, ಮರ ಹತ್ತಿ ಯೇಸುವನ್ನು ನೋಡಿದವನು. ಮಕ್ಕಳಿಗೆ ಮರ ಹತ್ತಿದ್ದು ಮಾತ್ರ ನೆನಪಿರುತ್ತದೆ. ಲೆಕ್ಕದವನಾದ ನನಗೆ ಅವನ ಲೆಕ್ಕವೇ ಮುಖ್ಯ. ಕಿತ್ತುಕೊಂಡದ್ದಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅನ್ನುತ್ತಾನೆ. ಮೋಶೆಯ ಧರ್ಮಶಾಸ್ತ್ರದಲ್ಲಿ ತಾನಾಗಿ ತಪ್ಪೊಪ್ಪಿಕೊಂಡವನು ಕೊಡಬೇಕಾದದ್ದು ಅಸಲು ಮತ್ತು ಅದರ ಐದನೇ ಒಂದು ಭಾಗ. ನಾಲ್ಕರಷ್ಟು ಅನ್ನುವುದು ಕುರಿ ಕದ್ದು ಕಡಿದವನಿಗೋ ಮಾರಿದವನಿಗೋ ಹಾಕುವ ದಂಡ. ಜಕ್ಕಾಯ ತನ್ನನ್ನು ತಾನೇ ಕುರಿಗಳ್ಳರ ಸಾಲಿನಲ್ಲಿ ನಿಲ್ಲಿಸಿಕೊಂಡ.

ನನ್ನ ಹತ್ತಿರ ಆ ಪುಸ್ತಕಗಳಿಲ್ಲ, ರೈತರ ಹೆಸರೂ ನೆನಪಿಲ್ಲ. ಅದಕ್ಕೂ ಒಂದು ನಿಯಮ ಇದೆ: ಕೊಡಬೇಕಾದವನೂ ಇಲ್ಲ, ಅವನ ಹತ್ತಿರದವರೂ ಇಲ್ಲ ಅಂದರೆ ಅದು ದೇವರಿಗೆ ಸೇರಿ ಯಾಜಕನ ಕೈಗೆ ಹೋಗಬೇಕು. ಯಾರೂ ಸಿಗಲಿಲ್ಲ ಅಂತ ನಾನೇ ಇಟ್ಟುಕೊಳ್ಳುವ ಹಾಗಿಲ್ಲ. ಬೈಬಲಿನ ಅರಣ್ಯಕಾಂಡದ 5ನೇ ಅಧ್ಯಾಯ ಬರೆದವರಿಗೆ ನನ್ನಂಥವರು ಏನು ನೆಪ ಹೇಳುತ್ತಾರೆ ಅಂತ ಚೆನ್ನಾಗಿ ಗೊತ್ತಿತ್ತು.

ಇಷ್ಟು ಓದಿ, ಇದೆಲ್ಲ ಕ್ರೈಸ್ತರ ಸ್ವತ್ತು ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆದಿಕಾಂಡದ 20ನೇ ಅಧ್ಯಾಯ ನೋಡಿ. ಅಬ್ರಹಾಮ ಜೀವಭಯದಿಂದ ಹೆಂಡತಿಯನ್ನು ತಂಗಿ ಅಂತ ಹೇಳಿಕೊಂಡ. ಗೆರಾರಿನ ರಾಜ ಅಬೀಮೆಲೆಕ ಅದನ್ನು ನಂಬಿ ಆಕೆಯನ್ನು ಕರೆಸಿಕೊಂಡ. ಕನಸಿನಲ್ಲಿ ದೇವರು ಗದರಿದಾಗ ರಾಜ ಹೇಳಿದ್ದು: ನಾನು ಮಾಡಿದ್ದು ಹೃದಯದ ತೋಮ್‌ನಿಂದ. ತೋಮ್ ಅಂದರೆ ಅದೇ ತಾಮ್‌ನ ನಾಮಪದ ರೂಪ, ಇಡಿತನ. ದೇವರು ಹೌದು, ನನಗೂ ಗೊತ್ತು ಅನ್ನುತ್ತಾನೆ. ಆ ಪುಟದಲ್ಲಿ ಸುಳ್ಳು ಹೇಳಿದವನು ವಿಶ್ವಾಸಿಗಳ ತಂದೆ, ಯಥಾರ್ಥನಾಗಿದ್ದವನು ಹೊರಗಿನವನು. ನಮ್ಮ ಕಡೆ ಇದನ್ನು ಹೇಳಿಕೊಡಲು ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಗಂಡ ಮಾರಯ್ಯ ಒಂದು ದಿನ ಮಾಮೂಲಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟೊಂದು ನಮಗೇಕೆ, ಅಲ್ಲೇ ಸುರಿದು ಬಾ ಅಂದವಳು. ಹನ್ನೆರಡನೇ ಶತಮಾನದಲ್ಲೂ ಮನೆಗೆ ಬಂದ ಅಕ್ಕಿಯನ್ನು ಕಣ್ಣಲ್ಲೇ ತೂಗುವ ಹೆಂಗಸರಿದ್ದರು.

ಆಫೀಸು ಕಾರ್ಖಾನೆಯವರಿಗೆ ಯೇಸುವಿನ ಸಂದೇಶ ಸಾರಿದ ಪೌಲನ ಒಂದು ಪದ ಇದೆ, ಬೇಗ ಹೇಳಿಬಿಡುತ್ತೇನೆ. ಗ್ರೀಕಿನಲ್ಲಿ ಆಫ್ತಾಲ್ಮೊಡೂಲಿಯಾ. ಕಣ್ಣಿನ ಚಾಕರಿ, ಅಂದರೆ ಸಾಹೇಬರ ಕಣ್ಣು ಬೀಳುವಷ್ಟು ಹೊತ್ತು ಮಾತ್ರ ಮಾಡುವ ಕೆಲಸ. ಎಫೆಸ, ಕೊಲೊಸ್ಸೆ ಪತ್ರಗಳಲ್ಲಿ ಒಂದೊಂದು ಸಲ ಬರುತ್ತದೆ. ಸಿಸಿಟಿವಿ ಬಂದ ಮೇಲೆ ಇದಕ್ಕೆ ವಿವರಣೆ ಬೇಕಿಲ್ಲ.

ಇನ್ನೊಂದು ಮಾತು. ಚರ್ಚಿನ ಪ್ರಸಂಗಗಳಲ್ಲಿ ಸಿನ್ಸಿಯರ್ ಅನ್ನುವ ಇಂಗ್ಲಿಷ್ ಪದಕ್ಕೆ ‘ಮೇಣವಿಲ್ಲದ್ದು’ ಅಂತ ಅರ್ಥ ಹೇಳಿ, ಒಡೆದ ಮೂರ್ತಿಗೆ ಮೇಣ ಮೆತ್ತುವ ಶಿಲ್ಪಿಗಳ ಕಥೆ ಹೇಳುವುದುಂಟು. ಕಥೆ ಚೆಂದ. ಆದರೆ ಪದಗಳ ಮೂಲ ಬಲ್ಲವರು ಅದನ್ನು ಒಪ್ಪುವುದಿಲ್ಲ. ಯಥಾರ್ಥತೆ ಬೋಧಿಸಲು ಯಥಾರ್ಥವಲ್ಲದ ಕಥೆ ಯಾಕೆ ಬೇಕು ಅಂತ ನನಗೆ ನಗು ಬರುತ್ತದೆ.

ಕಳೆದ ತಿಂಗಳು ಇಷ್ಟನ್ನೂ ಈಗಿನ ಸಂಡೇ ಸ್ಕೂಲ್ ಮಕ್ಕಳಿಗೆ ಹೇಳಿದೆ. ಗೋಣಿಚೀಲದ ಕಥೆಯನ್ನೂ ಬಿಡಲಿಲ್ಲ. ಮಂಡಕ್ಕಿ ಭಟ್ಟಿ ಕಡೆಯಿಂದ ಬರುವ ಒಂದು ಹುಡುಗಿ ಕೈ ಎತ್ತಿದಳು. ‘ಸರ್, ನಮ್ಮಜ್ಜಿ ಮಂಡಕ್ಕಿ ಸೇರಿನಾಗೆ ಅಳೆದು ಹಾಕಿದ ಮ್ಯಾಲೆ ಇನ್ನೊಂದ್ ಬೊಗಸೆ ಹಾಕ್ತಾಳ್ರೀ. ಹಂಗಾದ್ರೆ ಅದೂ ಎರಡು ಅಳತೆ ಅಲ್ರೀ?’

‘ಅದು ಕೊಸರು’ ಅಂದೆ. ಬೈಬಲಿನಲ್ಲಿ ಕೊಸರು ಎಲ್ಲಿದೆ ಅಂತ ಕೇಳಿಯೇ ಬಿಟ್ಟಳು. ಈ ಸಲ ಮುಂದಿನ ವಾರಕ್ಕೆ ಹಾಕಲಿಲ್ಲ. ಲೂಕ 6:38 ತೆಗೆಸಿದೆ. ಒತ್ತಿ, ಅಲ್ಲಾಡಿಸಿ, ತುಂಬಿ ಹೊರಗೆ ಚೆಲ್ಲುವ ಹಾಗೆ ಅಳೆದು ಮಡಿಲಿಗೆ ಹಾಕುವ ಮಾತು ಅಲ್ಲಿದೆ. ಅವಳು ಬೆರಳಿಟ್ಟು ಓದಿ, ‘ನಮ್ಮಜ್ಜಿ ಒತ್ತಲ್ರೀ, ಒತ್ತಿದ್ರೆ ಮಂಡಕ್ಕಿ ಪುಡಿ ಆಗ್ತಾವು’ ಅಂದಳು.